ನಲವತ್ತೆರಡನೆಯ ತಪ್ಪು

ಮಡಿಕೇರಿ ಡಿಪೋದ ಹಿಂದೆ, ಇಳಿಜಾರಿನ ಮೂರನೇ ಮನೆ.
ಶನಿವಾರ ರಾತ್ರಿ ಹವಾಲ್ದಾರ್ ಮೇದಪ್ಪನವರು
ಪೆನ್ ಡ್ರೈವ್ ಚುಚ್ಚುತ್ತಾರೆ. ಟೀವಿ ಎರಡು ಸಲ ಕೆಮ್ಮುತ್ತದೆ.
ಆಮೇಲೆ ತುತ್ತೂರಿ, ಬಾವುಟ,
ಮೂವತ್ತೈದು ವರ್ಷ ಹಳೆಯ ಹಿಂದಿ ಧಾರಾವಾಹಿಯ
ಮಸುಕು ಹಿಮಾಲಯ.

ಹಿಮ ಅಂದರೆ ಹಿಂಜಿದ ಹತ್ತಿ.
ಗಾಳಿ ಬೀಸಿದರೆ ಒಂದು ಬೆಟ್ಟ ಇಡಿಯಾಗಿ ಅಲುಗುತ್ತದೆ.
ಬರಿದಲೆಯಲ್ಲಿ ಸಲ್ಯೂಟ್ ಹೊಡೆದ ಸುಬೇದಾರನಿಗೆ
ಇಲ್ಲಿಂದಲೇ ಬೈಗುಳ: "ಟೋಪಿ ಎಲ್ಲೋ, ಮಂಗ!"
ಸಿಗ್ನಲ್ಸ್‌ನಲ್ಲಿದ್ದವರು ಅವರು.
ಆ ವೈರ್‌ಲೆಸ್ ಸೆಟ್ಟಿಗೆ ಏರಿಯಲ್ಲೇ ಇಲ್ಲ,
ಮಾತು ಮಾತ್ರ ದಿಲ್ಲಿವರೆಗೆ ಕೇಳಿಸುತ್ತದೆ.
"ಓವರ್ ಅಂಡ್ ಔಟ್ ಅಂತಾನಲ್ಲ!
ಓವರ್ ಅಂದರೆ ಈಗ ನೀನು ಮಾತಾಡು. ಔಟ್ ಅಂದರೆ ಮುಗೀತು.
ಎರಡೂ ಒಟ್ಟಿಗೆ ಅಂದರೆ
ಊಟಕ್ಕೆ ಬನ್ನಿ ಅಂತ ಕರೆದು ಅಗುಳಿ ಹಾಕಿದ ಹಾಗೆ."
ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ, ನಂಬರು ಹಾಕಿ.

ನಾನೇನು ಕಡಿಮೆ?
ಇಪ್ಪತ್ತಾರು ವರ್ಷ ಬಸ್ಸುಗಳ ಹೊಟ್ಟೆಯ ಕೆಳಗೆ ಮಲಗಿದವನು.
ಕಡಿದಾದ ಏರಿನಲ್ಲಿ ಆ ಜೀಪಿಗೆ ಟಾಪ್ ಗೇರಿನ ಸದ್ದು,
ಅದೂ ಲಾರಿಯದು.
ಈಗ ಸ್ಟೀರಿಂಗ್ ಬಲಕ್ಕೆ, ಕಣ್ಣು ಮಿಟುಕಿಸಿದರೆ ಎಡಕ್ಕೆ.
"ಬರಕೊಳ್ಳಿ" ಅನ್ನುತ್ತೇನೆ. ಬರಕೊಳ್ಳುತ್ತಾರೆ.

ಆದರೂ ಬಿಡುವುದಿಲ್ಲ. ಕಾರಣ, ಆ ಮೇಜರ್.
ಎಲ್ಲರಿಗೂ ಬಡಿಸಾದ ಮೇಲೆ
ಪಾತ್ರೆಯ ತಳ ಕೆರೆದು ತಿನ್ನುವವನು.
ಅಡುಗೆಯವನ ಹೆಸರು ಗೊತ್ತು, ಅವನ ಮಗಳ ಹೆಸರೂ.
ಕೋಪ ಬಂದಷ್ಟೂ ದನಿ ತಗ್ಗಿಸುವವನು.
ಅವನಿರುವಷ್ಟು ಹೊತ್ತು ಪೆನ್ಸಿಲ್ಲು ಓಡುವುದಿಲ್ಲ.

ಏಳನೇ ಕಂತು. ಎಳೆಯ ಲೆಫ್ಟಿನೆಂಟ್ ನಕ್ಷೆ ತಪ್ಪಾಗಿ ಓದಿ
ಗಸ್ತು ಬೇರೆ ಕಣಿವೆಗೆ ಇಳಿಯಿತು. ಇಬ್ಬರು ಮರಳಲಿಲ್ಲ.
ಫೋನಿನಲ್ಲಿ ಮೇಲಿನವರ ದನಿ: ನಕ್ಷೆ ಓದಿದ್ದು ಯಾರು?
"ನಾನು, ಸಾರ್" ಅಂದ ಮೇಜರ್.
ಹತ್ತಿಯ ಹಿಮ ಅವನ ಹೆಗಲ ಮೇಲೆ ಕರಗದೆ ಕೂತಿತ್ತು.
ಮೇದಪ್ಪನವರು ಬರೆದರು. ಬಗ್ಗಿ ನೋಡಿದೆ:
"ನಲವತ್ತೆರಡು. ಹೀಗೆ ಯಾರೂ ಹೇಳುವುದಿಲ್ಲ."
ಕಾಫಿ ಆರಿತ್ತು. ನಾನು ಕೇಳಲಿಲ್ಲ.

ಜನವರಿಯಲ್ಲಿ ಸಂಪಾಜೆ ಘಾಟಿಯ ತಿರುವಿನಲ್ಲಿ
ಸುಳ್ಯದ ಬಸ್ಸಿನ ಹಿಂಚಕ್ರ ಓಲಾಡಿತು.
ಡ್ರೈವರ್ ಗಟ್ಟಿಗ, ಮಣ್ಣಿನ ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದ.
ಒಂದು ಬುಟ್ಟಿ ಕಿತ್ತಳೆ ಉರುಳಿತು, ಅಷ್ಟೆ.
ಪುತ್ತೂರಿನಿಂದ ಸಾಹೇಬರು ಬಂದರು: "ನಟ್ಟು ಬಿಗಿದದ್ದು ಯಾರು?"
ಟ್ರೇನಿ ನಿಶಾದನ ಕೈಯ ಸ್ಪ್ಯಾನರ್
ನೆಲಕ್ಕೆ ಬಿದ್ದು ಟಿಣ್ ಅಂದಿತು.
ಮೇಜರನ ದನಿ ತೆಗೆಯಲು ನೋಡಿದೆ.
ಬಂದದ್ದು ಆಡಿನ ಮರಿಯದು:
"ನೋಡದೆ ಸಹಿ ಹಾಕಿದ್ದು ನಾನು, ಸಾರ್."
ಅದು ನಿಜವೂ ಹೌದು. ಕಷ್ಟವಾದದ್ದೇ ಅದಕ್ಕೆ.
ತುತ್ತೂರಿ ಮೊಳಗಲಿಲ್ಲ. ಒಂದು ಇನ್‌ಕ್ರಿಮೆಂಟ್ ಹೋಯಿತು.
"ಅವನು ಬಣ್ಣ ಹಚ್ಚಿಕೊಂಡ ಮೇಜರ್,
ಅವನ ಸಂಬಳ ಯಾರೂ ಹಿಡಿಯಲ್ಲ" ಅಂದಳು ಹೇಮಾವತಿ,
ಅನ್ನದ ಸೌಟು ಕೊಂಚ ಜೋರಾಗಿಯೇ ಕುಕ್ಕಿ.

ಮೇದಪ್ಪನವರಿಗೂ ಹೇಳಿದೆ.
ಟೀವಿಯ ಕಪ್ಪು ಗಾಜು ನೋಡುತ್ತ ಬಹಳ ಹೊತ್ತು ಕೂತರು.
"ತವಾಂಗ್ ಕಡೆ, ಎಪ್ಪತ್ತೆಂಟರಲ್ಲಿ
ಒಂದು ಸಂದೇಶ ನಾನೇ ತಪ್ಪಾಗಿ ಕೇಳಿಸಿಕೊಂಡಿದ್ದೆ.
ನನ್ನ ಕೈಕೆಳಗೊಬ್ಬ ಹುಡುಗ ಇದ್ದ..."
ಓವರ್ ಅನ್ನಲಿಲ್ಲ. ಔಟ್ ಅನ್ನಲಿಲ್ಲ.

ಈ ಶನಿವಾರ ನಿಶಾದನೂ ಬಂದಿದ್ದಾನೆ.
ಚಪ್ಪಲಿ ಹೊರಗೆ ಜೋಡಿಸಿಟ್ಟು ಚಾಪೆಯ ತುದಿಯಲ್ಲಿ ಕೂತಿದ್ದಾನೆ.
ಮೇಜರ್ ಭಾಷಣ ಮಾಡುತ್ತಿದ್ದರೆ ಇವನ ಕಣ್ಣು
ಅವನ ಹಿಂದಿನ ಜೀಪಿನ ಚಕ್ರದ ಮೇಲೆ. ತುಟಿ ಎಣಿಸುತ್ತಿದೆ.
"ಒಂದು ನಟ್ಟಿಲ್ಲ, ಸಾರ್."
ಮೇದಪ್ಪನವರು ನಿಲ್ಲಿಸಿದರು, ಹಿಂದಕ್ಕೆ ಓಡಿಸಿದರು,
ಕನ್ನಡಕ ಹಣೆಗೇರಿಸಿ ಗಾಜಿಗೆ ಮೂಗು ತಾಗಿಸಿದರು.
ಹೌದು, ನಾಲ್ಕೇ.
ಪುಟ ತಿರುವಿ ನೋಟ್‌ಬುಕ್ಕು ಅವನತ್ತ ಚಾಚಿದರು.
ನಡುವೆ ಒಂದು ಸಾಲು, ರಬ್ಬರು ಉಜ್ಜಿ ಉಜ್ಜಿ
ಕಾಗದ ತೆಳುವಾಗಿತ್ತು.
"ಯಾವ ನಂಬರು ಹಾಕಲಿ?" ಅಂದ ನಿಶಾದ್.
"ನಲವತ್ತೆರಡು ಖಾಲಿ ಇದೆ."